ಛತ್ರಿಯಲ್ಲಿ ಮಲಗಿದ್ದ ಸೊಳ್ಳೆಗಳು

ಹಾವೇರಿಯಿಂದ ಬೆಳಿಗ್ಗೆ ಏಳರ ಬಸ್ಸಿಗೆ ಹೊರಟೆ. ಚೀಲದಲ್ಲಿ ಬಲೆ ಬಿಗಿದ ಕಾಗದದ ಲೋಟಗಳು, ಸಕ್ಕರೆ ನೀರಿನ ಹತ್ತಿ, ಸೊಳ್ಳೆಯನ್ನು ಹೀರಿ ಹಿಡಿಯುವ ಕೊಳವೆ. ನಮ್ಮ ಪ್ರಯೋಗಾಲಯದಲ್ಲಿ ಸೊಳ್ಳೆಯ ಸೂಜಿಬಾಯಿಯನ್ನು ತೆಳ್ಳನೆಯ ಗಾಜಿನ ನಳಿಗೆಗೆ ಇಳಿಸಿ ಎಂಜಲು ತೆಗೆಯುತ್ತೇವೆ. ಅದರಲ್ಲಿ ಡೆಂಗಿ ಇದೆಯೇ ಎಂದು ನೋಡಲು ಸೊಳ್ಳೆ ಜೀವಂತ ಇರಬೇಕು. ಸತ್ತದ್ದು ನನ್ನ ಮಟ್ಟಿಗೆ ಕಸ.

ರಾಣೆಬೆನ್ನೂರಿನಲ್ಲಿ ಮಂಡಕ್ಕಿ ಮಿರ್ಚಿ ತಿಂದು, ಟಂಟಂ ಆಟೊ ಹತ್ತಿ ಹಲಗೇರಿಯ ಶಾಂತವ್ವನವರ ಮನೆ ಮುಟ್ಟಿದೆ. ಅವರ ಮೊಮ್ಮಗಳು ಗಂಗಾ ಡೆಂಗಿಯಿಂದ ಈಗಷ್ಟೇ ಎದ್ದು ಕೂತಿದ್ದಳು. ಅವಳ ತಾಯಿ ಮೋಟೆಬೆನ್ನೂರಿನ ತವರಿನಲ್ಲಿ ಬಾಣಂತಿ. ಈ ಮನೆಯ ಸೊಳ್ಳೆಗಳ ಸಂಗತಿ ತಿಳಿಯುವವರೆಗೆ ಕೂಸನ್ನು ಕರೆತರುವಂತಿಲ್ಲ. ತಮ್ಮನನ್ನು ಗಂಗಾ ಇನ್ನೂ ನೋಡಿಲ್ಲ.

ಒಳಗೆ ಕಾಲಿಟ್ಟರೆ ಕಣ್ಣು ಬಿಡಲಾರದಷ್ಟು ಬೇವಿನ ಹೊಗೆ!

"ನೀವು ಬರ್ತೀರಂತ ಹಾಕೀನ್ರಿ. ಬಂದೋರಿಗೆ ಸೊಳ್ಳಿ ಕಚ್ಚಿದ್ರ ಹೆಂಗ?" ಎಂದರು ಶಾಂತವ್ವ.

ಇಂಥ ಉಪಚಾರಕ್ಕೆ ಸಿಟ್ಟು ಮಾಡುವುದಾದರೂ ಹೇಗೆ? ಮೂಲೆಮೂಲೆ ತಡಕಿದೆ, ಒಂದೂ ಇಲ್ಲ. ಅಳುವೇ ಬಂತು. ಆಗ ಗಂಗಾ ಮೆಲ್ಲಗೆ ಹೇಳಿದಳು: "ಹಿತ್ತಲ ಬಾಗಲಾಚೆ ಅಜ್ಜನ ಕರೀ ಛತ್ರಿ ಐತಲ್ಲರಿ, ಅದರಾಗ ಮಲಗ್ತಾವು. ಜ್ವರದಾಗ ನಾ ಮಲಕೊಂಡಲ್ಲಿಂದನ ದಿನಾ ನೋಡೀನಿ."

ಛತ್ರಿಯ ಮಡಿಕೆಯಲ್ಲಿ ಎರಡಿದ್ದವು, ಕಾಲಿಗೆ ಬಿಳಿ ಪಟ್ಟೆ, ಡೆಂಗಿ ಹರಡುವ ಜಾತಿಯವೇ. ಸದ್ದಾಗದಂತೆ ಬಗ್ಗಿ ಕೊಳವೆಯಲ್ಲಿ ಹೀರಿ ಲೋಟಕ್ಕೆ ಬಿಟ್ಟೆ.

ವಾಪಸು ಸಿಕ್ಕಿದ್ದು ಬ್ಯಾಡಗಿ ಮೇಲೆ ಹೋಗುವ ಬಸ್ಸು. ಕಂಡಕ್ಟರು ನನಗೆ ಹೆಂಗಸರ ಉಚಿತ ಟಿಕೆಟು ಕೊಟ್ಟು ಲೋಟದೊಳಗೆ ಇಣುಕಿದ. "ಸೊಳ್ಳಿ ಹೆಣ್ಣೋ ಗಂಡೋ?"

"ಕಚ್ಚೋದು ಹೆಣ್ಣರಿ."

"ಹಂಗಾದ್ರ ಇವಕ್ಕೂ ಫ್ರೀ ಬಿಡ್ರಿ!"

ಬ್ಯಾಡಗಿಯಲ್ಲಿ ಒಣಮೆಣಸಿನಕಾಯಿ ಹರವಿದ ಬಯಲುಗಳು ಕಿಟಕಿಯಾಚೆ ಕೆಂಪಗೆ ತೇಲಿಹೋದವು. ಬಸ್ಸಿನವರೆಲ್ಲ ಸೀನಿದೆವು. ಲೋಟಕ್ಕೆ ಒದ್ದೆ ಕರವಸ್ತ್ರ ಹೊದಿಸಿ ಮಡಿಲಲ್ಲಿಟ್ಟುಕೊಂಡೆ. ಬಿಸಿಲಿನ ಜೋಂಪಿನಲ್ಲಿ ಆ ಕೆಂಪಿನ ಮೇಲೆ ಕರೀ ಛತ್ರಿಯೊಂದು ನಿಧಾನಕ್ಕೆ ಹಾರುತ್ತಿತ್ತು. ಮೋಟೆಬೆನ್ನೂರಿನಲ್ಲಿ ಬಸ್ಸು ನಿಂತಾಗ ಎಚ್ಚರವಾಯಿತು. ಆ ಕೂಸು ಇಲ್ಲೇ ಯಾವುದೋ ತೊಟ್ಟಿಲಲ್ಲಿದೆ. ಲೋಟವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕೂತೆ.

ಹಾವೇರಿ ಮುಟ್ಟಿದಾಗ ಮೂರು ಗಂಟೆ. ಕರವಸ್ತ್ರ ತೆಗೆದರೆ ಎರಡೂ ಮಿಸುಕಲಿಲ್ಲ. ಬಲೆಗೆ ಬಾಯಿ ಹಚ್ಚಿ ಬಿಸಿ ಉಸಿರು ಬಿಟ್ಟೆ. ಒಂದು ಎದ್ದಿತು, ಹಿಂದೆಯೇ ಇನ್ನೊಂದು, ನೇರ ನನ್ನ ತುಟಿಯ ಕಡೆಗೇ. ಸೊಳ್ಳೆ ಹಾರಿದ್ದಕ್ಕೆ ಅಷ್ಟು ಖುಷಿಪಟ್ಟದ್ದು ಜನ್ಮದಲ್ಲಿ ಅದೇ ಮೊದಲು.

ಶಾಂತವ್ವನವರಿಗೆ ಫೋನು ಮಾಡಿದೆ. "ಎರಡೂ ಜೀವಂತ ಅದಾವ್ರಿ. ನಾಕು ದಿನದಾಗ ಹೇಳ್ತೀವಿ."

ಅವರ ಹಿಂದಿನಿಂದ ಗಂಗಾಳ ದನಿ ಕೇಳಿಸಿತು: "ಛತ್ರಿ ಬಿಸಲಿಗೆ ಬಿಚ್ಚಿಟ್ಟೀನ್ರಿ. ತಮ್ಮ ಬರೋತನಕ ಮಡಚಂಗಿಲ್ಲ."