ಹಸಿರು ಚುಕ್ಕೆಯನ್ನು ನಂಬಿ ಕೂತ ಬೆಳಗು

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಹಾಲಿನ ಕೇಂದ್ರಗಳಲ್ಲಿ ಹಾಲು ತಂಪಾಗಿಡುವ ಸ್ಟೀಲಿನ ಟ್ಯಾಂಕುಗಳಿವೆ. ಅವುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಒಂದೊಂದು ಟ್ಯಾಂಕಿಗೂ ನಾನೇ ಒಂದು ಸಣ್ಣ ಡಬ್ಬಿ ಕೂರಿಸಿದ್ದೇನೆ. ಅದರೊಳಗೊಂದು ಸಿಮ್ಮು. ಡಬ್ಬಿಯಿಂದ ಟ್ಯಾಂಕಿನೊಳಗೆ ಇಳಿದ ತಂತಿಯ ತುದಿ ಹಾಲು ಎಷ್ಟು ತಣ್ಣಗಿದೆ ಎಂದು ಅಳೆಯುತ್ತದೆ. ತಂಪು ಮಾಡುವ ಮಷೀನು ನಡೆಯುವುದು, ನಿಲ್ಲುವುದು ಅದರ ಅಂಕಿಯಿಂದಲೇ. ಆ ಅಂಕಿ ನನ್ನ ಫೋನಿಗೂ ಆಫೀಸಿನ ದೊಡ್ಡ ಪರದೆಗೂ ಒಂದೇ ಹೊತ್ತಿಗೆ ಬರುತ್ತದೆ. ಹಾಲು ತಣ್ಣಗಿದ್ದರೆ ಊರಿನ ಹೆಸರಿನ ಮುಂದೆ ಹಸಿರು ಚುಕ್ಕೆ, ಬಿಸಿ ಏರತೊಡಗಿದರೆ ಹಳದಿ, ಮಿತಿ ಮೀರಿದರೆ ಕೆಂಪು. ಹಾಲು ಒಯ್ಯುವ ಟ್ಯಾಂಕರ್ ಯಾವ ಊರಿಗೆ ಮೊದಲು ಹೋಗಬೇಕು ಎನ್ನುವುದನ್ನೂ ಆ ಪರದೆ ನೋಡಿಯೇ ಹೇಳುತ್ತಾರೆ.

"ಏನ್ ಕೆಲಸಾನಪಾ ನಿಂದು?" ಎಂದು ನನ್ನವ್ವ ಒಮ್ಮೆ ಕೇಳಿದಳು.

"ಹಾಲಿಗಿ ಜ್ವರಾ ಬಂದಾವೇನು ಅಂತ ನೋಡೂದು."

"ಹಂಗಂದ್ರ ನಿನಗ ಯಾಕ ಬಂದಂಗ ಕಾಣಸ್ತದ?"

ಅವಳ ಮಾತು ಸುಳ್ಳಲ್ಲ. ಆ ಕೆಲಸಕ್ಕೆ ಸೇರಿದ ಮೇಲೆ ನಾನು ಒಂದು ಕಡೆ ನೆಟ್ಟಗೆ ಕೂತದ್ದೇ ಇಲ್ಲ. ಊಟದ ನಡುವೆ ಎಡಗೈ ಕಿಸೆಗೆ ಹೋಗುತ್ತಿತ್ತು. ನಿಂಬರ್ಗಾದಲ್ಲಿ ಸೋದರತ್ತೆಯ ಮಗಳ ಮದುವೆಗೆ ಹೋದಾಗ ಸಿಗ್ನಲ್ ಸಿಗಲಿಲ್ಲವೆಂದು ಮಾಳಿಗೆ ಹತ್ತಿ ನಿಂತಿದ್ದೆ. ಅಕ್ಷತೆ ಬಿದ್ದದ್ದು ವಾದ್ಯದ ಸದ್ದಿನಿಂದ ಗೊತ್ತಾಯಿತು. ಕೆಂಪು ಚುಕ್ಕೆ ಎಲ್ಲಿ ಯಾವಾಗ ಏಳುತ್ತದೋ ಎಂಬುದೊಂದೇ ಭಯ. ಹಸಿರು ಕಂಡರೆ ಆ ಊರನ್ನು ಅಷ್ಟು ಹೊತ್ತು ಮರೆತುಬಿಡುತ್ತಿದ್ದೆ.

ಬೇಸಿಗೆಯ ಒಂದು ಬೆಳಿಗ್ಗೆ ಮಣ್ಣೂರಿನ ಚುಕ್ಕೆ ಕೆಂಪಾಯಿತು. ಹೋಗಿ ನೋಡಿದರೆ ಕರೆಂಟಿನ ಏರಿಳಿತಕ್ಕೆ ಒಂದು ಸ್ವಿಚ್ಚು ಸುಟ್ಟಿತ್ತು. ಟ್ಯಾಂಕಿನ ಕೆಳಗೆ ಅಂಗಾತ ಮಲಗಿ ಅದನ್ನು ಬಿಚ್ಚುತ್ತಿದ್ದಾಗ ಫೋನು ಬಂತು. ನೆಲೋಗಿಯಾಚೆಯ ಒಂದು ಹಳ್ಳಿಯ ಕೇಂದ್ರ ನಡೆಸುವ ಹೆಂಗಸು. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಅಕ್ಕ ಎನ್ನುವ ಅರ್ಥದಲ್ಲಿ ನಾನು ಆಪಾ ಎನ್ನುತ್ತಿದ್ದೆ. ಬರೀ ಐಟಿಐ ಓದಿದ ನನ್ನನ್ನು ಅವರು ಇಂಜಿನಿಯರ್ ಸಾಬ್ ಎನ್ನುತ್ತಿದ್ದರು.

"ಸಾಬ್, ಟ್ಯಾಂಕ್ ಸುಮ್ನಾಗೇದರಿ. ಒಳಗ ಹಾಲ್ ತಿರಗಾಕತ್ತಿಲ್ಲ ಅನಸ್ತದ."

ನಾನು ಮಲಗಿದಲ್ಲೇ ಪರದೆ ನೋಡಿದೆ. "ಹಸಿರು ಅದ ಆಪಾ. ಮೂರು ಡಿಗ್ರಿ ತೋರಸಾಕತ್ತದ. ಹಾಲು ತಣ್ಣಗಾದ್ಮ್ಯಾಲ ಮಷೀನು ತಾನ ಬಂದ್ ಆಗ್ತದ."

ಒಂದು ತಾಸಿನ ಮೇಲೆ ಮತ್ತೆ ಮಾಡಿದರು. "ಮುಚ್ಚಳದ ಮ್ಯಾಲ ಕೈ ಇಟ್ಟ್ ನೋಡೇನ್ರಿ. ಬೆಚ್ಚಗದ."

ಕಣ್ಣಿಗೆ ಬೆವರು ಇಳಿದು ಉರಿಯುತ್ತಿತ್ತು. ಜೇರಟಗಿಯ ಕಡೆ ಇನ್ನೊಂದು ಚುಕ್ಕೆ ಹಳದಿಗೆ ತಿರುಗಿತ್ತು. ಸಿಟ್ಟಿನಲ್ಲಿ ಅಂದೆ: "ನಿಮ್ಮ ಕೈ ಖರೆ ಹೇಳ್ತದೋ, ಮಷೀನ್ ಖರೆ ಹೇಳ್ತದೋ?"

"ಆತ್ರಿ," ಎಂದು ಅವರು ಫೋನು ಇಟ್ಟುಬಿಟ್ಟರು. ಮೂರನೇ ಸಲ ಅವರ ಕರೆ ಬಂದಾಗ ನಾನು ಎತ್ತಲೇ ಇಲ್ಲ.

ಮಧ್ಯಾಹ್ನ ಆಫೀಸಿನಿಂದ ಸಾಹೇಬರು ಫೋನು ಮಾಡಿದರು. ಆಪಾನ ಊರಿಗೆ ಹೋದ ಟ್ಯಾಂಕರಿನವನು ಹಾಲು ಕುದಿಸಿ ನೋಡಿದ್ದ, ಒಡೆದಿತ್ತು. ಟ್ಯಾಂಕಿನ ಹಾಲನ್ನೆಲ್ಲ ಬೇಡವೆಂದು ಹೋಗಿದ್ದ. "ನಮ್ಮ ದಾಖಲೆದಾಗ ಮುಂಜಾನಿಂದ ಹಸಿರೇ ಅದ. ಅಂದ್ರ ಆ ಹೆಣ್ಣುಮಗಳು ಹುಳಿ ಹಾಲು ಸುರುವ್ಯಾಳ. ನೀ ಹೋಗಿ ನೋಡಿ ವರದಿ ಬರಿ, ಕೇಂದ್ರ ಆಕಿ ಕೈಯಿಂದ ತಗೀಬೇಕಾಗ್ತದ."

ಅಫಜಲಪುರ ದಾಟಿ ಜೇವರ್ಗಿಯ ದಾರಿ ಹಿಡಿದೆ. ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಎರಡು ಸಲ ಗಾಡಿ ನಿಲ್ಲಿಸಿ ಫೋನು ನೋಡಿದೆ. ಆಗಲೂ ಆ ಊರು ಹಸಿರಾಗಿಯೇ ಇತ್ತು.

ಆಪಾ ಕೇಂದ್ರದ ಬಾಗಿಲಲ್ಲಿ ಕೂತಿದ್ದರು. ನನ್ನನ್ನು ನೋಡಿ ಎದ್ದು ದಾರಿ ಬಿಟ್ಟರು. ನಾನು ಮುಚ್ಚಳ ತೆಗೆದೆ. ಹುಳಿ ವಾಸನೆ ಮೂಗಿಗೆ ಬಡಿಯಿತು. ಹಾಲನ್ನು ಕಲಕುವ ರೆಕ್ಕೆಯ ಮೋಟಾರು ಸುಟ್ಟಿತ್ತು. ಕಲಕದೆ ನಿಂತ ಹಾಲು ತಳದಲ್ಲಿ ಮಂಜಿನಂತೆ ತಣ್ಣಗಿತ್ತು, ಮೇಲೆ ಬೆಚ್ಚಗೆ ಕೆಟ್ಟಿತ್ತು. ನನ್ನ ತಂತಿಯ ತುದಿ ಇದ್ದದ್ದು ತಳದಲ್ಲಿ. ಅದು ತನ್ನ ಸುತ್ತಲಿನ ತಂಪನ್ನಷ್ಟೇ ಅಳೆದು ಮೂರು ಡಿಗ್ರಿ ಎಂದಿತ್ತು. ಆ ಮಾತು ನಂಬಿ ಮಷೀನು ನಿಂತುಕೊಂಡಿತ್ತು.

ತಂತಿ ಹಾಕಲು ಟ್ಯಾಂಕಿನ ನಡುಮಟ್ಟದಲ್ಲೇ ಬೇರೊಂದು ಕಿಂಡಿ ಇದೆ. ಅಲ್ಲೇ ಹಾಕಬೇಕೆಂದು ನನಗೆ ಕಲಿಸಿಯೂ ಇದ್ದರು. ಕೂರಿಸುವ ದಿನ ಆ ಕಿಂಡಿಯ ತಿರುಪು ಬಿಗಿಯಾಗಿತ್ತು, ಸಂಜೆಯೊಳಗೆ ಇನ್ನೆರಡು ಊರು ಮುಗಿಸಬೇಕಿತ್ತು. ಸುಲಭವಾಗಿ ಬಿಚ್ಚಿದ ಕೆಳಗಿನ ಕಿಂಡಿಯಲ್ಲಿ ತೂರಿಸಿ ಹೊರಟಿದ್ದೆ. ಇದು ನನಗೊಬ್ಬನಿಗೇ ಗೊತ್ತಿತ್ತು.

"ಮೂರನೇ ಸಲ ಯಾಕ ಫೋನ್ ಮಾಡಿದ್ರಿ ಆಪಾ?" ಎಂದೆ.

"ಮುಚ್ಚಳಾ ತೆಗದು ಕೈಲೇ ಕಲಕ್ಲೇನು ಅಂತ ಕೇಳಾಕ. ನಮಗ ಕೇಳದ ತೆಗೀಬ್ಯಾಡ್ರಿ, ತೆಗದ್ರ ಡಬ್ಬಿದಾಗ ದಾಖಲಾಗ್ತದ ಅಂತ ನೀವ ಹೇಳಿದ್ರೆಲ್ಲ?"

ನಾನೇ ಹೇಳಿದ್ದೆ.

ಸಂಜೆಯ ಹಾಲು ಹಿಡಿದು ಹೆಂಗಸರು ಬರತೊಡಗಿದರು. ಹಾಲಿನ ದುಡ್ಡು ಮುಳುಗಿತೆಂದು ಮಧ್ಯಾಹ್ನದಿಂದ ಆಪಾನನ್ನು ಬೈದು ಹೋದವರು, ಮತ್ತೆ ಬೈಯಲು ಸಿದ್ಧರಾಗಿಯೇ ಬಂದಿದ್ದರು. ಅಷ್ಟರಲ್ಲಿ ಸಾಹೇಬರ ಫೋನು. ಅವರೆಲ್ಲರ ಎದುರೇ ಎತ್ತಿದೆ.

"ದೋಷ ಹಾಲಿಂದಲ್ಲರಿ," ಎಂದೆ. "ತಂತಿ ನಾನ ತಪ್ಪು ಜಾಗಾದಾಗ ಹಾಕೇನಿ. ಇವರು ಮುಂಜಾನಿಂದ ಹೇಳಾಕತ್ತಿದ್ರು, ನಾ ಕೇಳಲಿಲ್ಲ."

"ವಿಚಾರ ಮಾಡಿ ಹೇಳು. ಬರದ್ಮ್ಯಾಲ ಅಳಸಾಕ ಬರಂಗಿಲ್ಲ."

"ಮಾಡೇನ್ರಿ."

ಫೋನು ಇಟ್ಟು ಚೀಲ ಬಿಚ್ಚಿದೆ. ಅದರಲ್ಲಿ ಬದಲಿ ಮೋಟಾರು ಇತ್ತು. ಆಪಾ ಟ್ಯಾಂಕು ತೊಳೆದುಕೊಟ್ಟರು, ನಾನು ಮೋಟಾರು ಕೂರಿಸಿ, ಬಿಗಿದ ತಿರುಪನ್ನು ಎಣ್ಣೆ ಬಿಟ್ಟು ಬಿಚ್ಚಿ, ತಂತಿಯನ್ನು ಅದರ ಜಾಗಕ್ಕೆ ಹಾಕಿದೆ. ಹೆಂಗಸರು ಹೋಗದೆ ಕಾದರು. ಎಲ್ಲರಿಗಿಂತ ಹೆಚ್ಚು ಕೂಗಾಡಿದ್ದಳೆಂದು ಆಮೇಲೆ ತಿಳಿದ ಮುದುಕಿಯೊಬ್ಬಳು ತನ್ನ ಕ್ಯಾನನ್ನು ಆಪಾನ ಮುಂದಿಟ್ಟು, "ಹಾಲ್ ಅಳಿ ಬೇ," ಎಂದಳು. ಅವಳು ಕೇಳಿದ ಕ್ಷಮೆ ಅಷ್ಟೇ. ಆಪಾ ಸೆರಗಿನಿಂದ ಕಣ್ಣೊರೆಸಿಕೊಂಡು ಅಳೆದರು.

ನನಗೆ ನೋಟೀಸು ಬಂತು. ಸಿಗಬೇಕಿದ್ದ ಬಡ್ತಿ ಬೇರೊಬ್ಬನಿಗೆ ಹೋಯಿತು. ಕೇಂದ್ರ ಆಪಾನ ಕೈಯಲ್ಲೇ ಉಳಿಯಿತು. ಮುಂದಿನ ವಾರಗಳಲ್ಲಿ ಒಂದೊಂದು ಊರಿಗೂ ಹೋಗಿ ತಂತಿ ತೆಗೆದು ನೋಡಿದೆ. ಅದೇ ತಪ್ಪನ್ನು ಇನ್ನೂ ನಾಲ್ಕು ಕಡೆ ಮಾಡಿದ್ದೆ, ಸರಿಪಡಿಸಿದೆ. ರೆಕ್ಕೆ ತಿರುಗುತ್ತಿದೆಯೋ ಇಲ್ಲವೋ ಎಂದು ತಿಳಿಸುವ ಇನ್ನೊಂದು ತಂತಿಯನ್ನೂ ಆಫೀಸಿನವರು ಆಮೇಲೆ ಕಳಿಸಿದರು.

ನೆಮ್ಮದಿಯಂತೂ ಬರಲಿಲ್ಲ. ಮೊದಲು ಕೆಂಪಿಗೆ ಮಾತ್ರ ಹೆದರುತ್ತಿದ್ದೆ, ಈಗ ಹಸಿರೂ ನನ್ನನ್ನು ಕೂರಲು ಬಿಡುವುದಿಲ್ಲ. ದಿನಾ ಬೆಳಿಗ್ಗೆ ಎಲ್ಲ ಸರಿಯಿದೆಯೆಂದು ತೋರಿಸುವ ಊರುಗಳಿಗೂ ಒಂದೊಂದಾಗಿ ಫೋನು ಮಾಡುತ್ತೇನೆ. "ಟ್ಯಾಂಕು ಹ್ಯಾಂಗದರಿ?" ಎಂದರೆ, "ನಿಮ್ಮ ಫೋನಿನಾಗ ಕಾಣಂಗಿಲ್ಲೇನು?" ಎಂದು ಕೆಲವರು ನಗುತ್ತಾರೆ. ಆಪಾ ನಗುವುದಿಲ್ಲ. "ತಡೀರಿ, ನೋಡಿ ಬರ್ತೇನಿ," ಎಂದು ಎದ್ದು ಹೋಗುತ್ತಾರೆ.