ಅಳಿಯ ವಿದ್ಯಾರ್ಥಿಗಳ ಕೂಟ

ಮೊನ್ನೆ ಹಳೆಯ ನಿಘಂಟು ಕೊಡವಿದಾಗ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಕಾರ್ಡೊಂದು ಬಿತ್ತು. ಮದುವೆ ಕಾಗದ ಅಂದುಕೊಳ್ಳಬೇಡಿ. ಅರವತ್ತರ ದಶಕದ ಒಂದು ಭಾನುವಾರ ಕೊಳ್ಳೇಗಾಲದ ರೇಷ್ಮೆ ಅಂಗಡಿಯ ಮಹಡಿಯಲ್ಲಿ ಮೂವರು ಕೂತಿದ್ದೆವು: ಮೇಷ್ಟರಾದ ನಾನು, ಯಳಂದೂರಿನ ವಕೀಲ ನಂಜುಂಡ, ಅಂಗಡಿಯ ಯಜಮಾನ ಗುರುಸ್ವಾಮಿ. ಮೈಸೂರಿನಲ್ಲಿ ಒಂದೇ ಕೋಣೆಯಲ್ಲಿದ್ದು ಬಿ.ಎ. ಮುಗಿಸಿದವರು. ನಮ್ಮ ಕಡೆಯಿಂದ ಹೋಗಿ ಅಲ್ಲಿ ಓದಿದವರನ್ನೆಲ್ಲ ವರ್ಷಕ್ಕೊಂದು ದಿನ ಕಲೆಹಾಕಬೇಕೆಂದು ಅವತ್ತು ತೀರ್ಮಾನವಾಯಿತು.

ಆ ಕೋಣೆಯಲ್ಲಿ ನಾಲ್ಕನೆಯವನೊಬ್ಬನಿದ್ದ, ಮಧುವನಹಳ್ಳಿಯ ಶಿವಮಲ್ಲು. ಪರೀಕ್ಷೆಯ ಹೊತ್ತಿಗೆ ನನಗೆ ಜ್ವರ ಬಂದಾಗ ಗಂಜಿ ಕುಡಿಸಿ, ಪಾಠಗಳನ್ನು ಗಟ್ಟಿಯಾಗಿ ಓದಿ ಹೇಳಿ ನನ್ನನ್ನು ಪಾಸು ಮಾಡಿಸಿದವನು. ತಾನು ಮಾತ್ರ ಇಂಗ್ಲಿಷಿನಲ್ಲಿ ಮೂರು ಸಲವೂ ಡುಮ್ಕಿ ಹೊಡೆದು, ಕೌದಳ್ಳಿಗೆ ಮನೆ ಅಳಿಯನಾಗಿ ಹೋದ. ಆಮೇಲೆ ಹನೂರಿನ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡರೆ ಬಸ್ಸಿನ ಹಿಂದಕ್ಕೆ ಸರಿಯುತ್ತಿದ್ದ. ಅವನಿಲ್ಲದೆ ನನಗೆಂಥ ಕೂಟ? ಒಂದು ದಿನ ತೋಳು ಹಿಡಿದು ನಿಲ್ಲಿಸಿ ಕರೆದೆ.

"ಪಾಸಾದೋರ ನಡ್ವೆ ನಾನ್ ಬಂದು ಏನ್ ಮಾಡನ, ಉಂಡ ಎಲೆ ಎತ್ತನಾ?" ಅಂದವನೇ ಬಸ್ಸು ಹತ್ತಿಬಿಟ್ಟ.

ಇನ್ನು ಕಾರ್ಡಿನ ವಿಷಯ. ಒಕ್ಕಣೆ ಬರೆದ ಚೀಟಿಯನ್ನು ಮನೆಯಲ್ಲೇ ಮರೆತು ಪ್ರೆಸ್ಸಿಗೆ ಹೋದವನು ಬಾಯಲ್ಲೇ ಹೇಳಿದೆ. ನಮ್ಮ ಸೀಮೆಯ ನಾಲಿಗೆ ನಿಮಗೆ ಗೊತ್ತಲ್ಲ, ಅದರ ಮೇಲೆ 'ಹ' ನಿಲ್ಲುವುದಿಲ್ಲ. ನಾನಂತೂ 'ಹಳೆಯ' ಎಂದೇ ಹೇಳಿದ್ದೆನೆಂದು ಇವತ್ತಿಗೂ ವಾದಿಸುತ್ತೇನೆ. ಅಚ್ಚಿನ ಮೊಳೆ ಜೋಡಿಸುವ ಮುನಿಸ್ವಾಮಿ ಮನೆಯಲ್ಲಿ ತಮಿಳು ಮಾತಾಡುವವನು. ಕಿವಿಗೆ ಬಿದ್ದದ್ದನ್ನು ಜೋಡಿಸಿದ, 'ಅಳಿಯ ವಿದ್ಯಾರ್ಥಿಗಳ ಕೂಟ'. ಅಳಿಯಂದಿರ ಸಮಾಚಾರವೆಂದು ಅರಿಶಿನವನ್ನೂ ತಾನೇ ಹಚ್ಚಿದ. ನಾನು ಅವನ ಅಕ್ಕರೆಗೆ ಬೀಗಿದೆನೇ ಹೊರತು ಓದಿ ನೋಡಲಿಲ್ಲ. ಬರಲಾರೆನೆಂದ ಶಿವಮಲ್ಲುವಿಗೂ ಸೇರಿಸಿ ಎಲ್ಲರ ವಿಳಾಸ ಬರೆದು ಅಂಚೆಗೆ ಹಾಕಿದೆ.

ಮೊದಲು ನಂಜುಂಡ ಓಡಿ ಬಂದ. "ಲೇ ಮೇಷ್ಟ್ರೇ, ನಮ್ಮಾವ ಕಾರ್ಡ್ ಓದ್ಬುಟ್ಟವ್ರೆ ಕಣ್ಲಾ. ಅಳಿಯಂದ್ರೆಲ್ಲ ಸಂಗ ಕಟ್ಕಂಡು ಇನ್ನೇನ್ ಕೇಳಕ್ಕೆ ಬತ್ತೀರಿ ಅಂತಾವ್ರೆ."

ಕೂಟದ ದಿನ ಮಹಡಿ ತುಂಬ ಜನ, ಎಲ್ಲರ ಬಾಯಲ್ಲೂ ಕಾರ್ಡಿನ ಮಾತೇ. ನನ್ನ ಕಣ್ಣು ಮಾತ್ರ ಮೆಟ್ಟಿಲ ಕಡೆಗಿತ್ತು. ಎಲೆ ಹಾಕುವ ಹೊತ್ತಿಗೆ, ಮದುವೆಯಲ್ಲಿ ಸುತ್ತಿದ್ದ ಜರಿಪೇಟವನ್ನೇ ಸುತ್ತಿಕೊಂಡು, ಕೈಯಲ್ಲಿ ಕಾರ್ಡು ಹಿಡಿದು ಶಿವಮಲ್ಲು ಹತ್ತಿ ಬಂದ.

"ಪಾಸಾದೋರ ಕೂಟ ಆಗಿದ್ರೆ ಬತ್ತಿರ್ನಿಲ್ಲ. ಇದ್ರಲ್ಲಿ ಅಳಿಯ ಅಂತ ಆಕವ್ರೆ. ನಾನು ಮಾವನ ಮನೇಲೇ ಇರೋನು, ನಿಮ್ಮೆಲ್ರಿಗಿಂತ ಸೀನಿಯರ್ರು. ಎಲ್ಲಿ ನನ್ನೆಲೆ?"

ಗುರುಸ್ವಾಮಿ ಅವನನ್ನು ಮೊದಲ ಎಲೆಗೆ ಕೂರಿಸಿದ. ನಾನು ಬಡಿಸುವ ನೆಪದಲ್ಲಿ ಅವನೆದುರೇ ಮತ್ತೆ ಮತ್ತೆ ಸುಳಿದೆ. "ಸಾಕು ಬುಡ್ಲಾ, ಕೂತ್ಕ," ಎಂದು ಪಕ್ಕಕ್ಕೆ ಎಳೆದುಕೊಂಡ.

ಈಗ ಆ ಕಾರ್ಡನ್ನು ನಿಘಂಟಿನಲ್ಲಿ 'ಅ'ಕಾರದ ಪುಟಕ್ಕೆ ಸೇರಿಸಿಟ್ಟಿದ್ದೇನೆ. ಆ ಕೂಟದ ಮರುವರ್ಷ ಪ್ರೆಸ್ಸಿಗೆ ಚೀಟಿ ಮರೆಯದೆ ಒಯ್ದಿದ್ದೆ. ಅದರಲ್ಲಿ 'ಅಳಿಯ' ಎಂದೇ ಬರೆದಿದ್ದೆ. ಕೆಳಗೆ ಕಾರ್ಯದರ್ಶಿ ಎಂದು ಶಿವಮಲ್ಲುವಿನ ಹೆಸರು ಅಚ್ಚಾಯಿತು. ಹಚ್ಚುವುದಕ್ಕೆ ಅರಿಶಿನವನ್ನು ಕೌದಳ್ಳಿಯಿಂದ ಅವನ ಮಾವ ಕಳಿಸಿಕೊಟ್ಟರು.