ಒಂದು ಮುಕ್ಕಾಮಿಗೆ ಒಂದೇ ಮಾತು

ನಮ್ಮ ಕಚೇರಿಯ ಕೆಳಗಿನ ದರ್ಜಿ ಮೊನ್ನೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ. ಮೆಟ್ಟಿಲೇರುತ್ತಿದ್ದ ನಾನು ಆ ವಾಸನೆಗೆ ನಿಂತುಬಿಟ್ಟೆ. ಮುಂಡಗೋಡದ ಟೈಪಿಂಗ್ ಮಾಸ್ತರರ ಕೈಗೆ ಇದೇ ವಾಸನೆ ಇರುತ್ತಿತ್ತು. ಅವರು ತಮ್ಮ ಆರು ಟೈಪ್‌ರೈಟರುಗಳಿಗೂ ವಾರಕ್ಕೊಮ್ಮೆ ಇದೇ ಎಣ್ಣೆ ಬಿಡುತ್ತಿದ್ದರು... ಆರೋ, ಎಂಟೋ. ನನ್ನ ನೆನಪನ್ನು ನಾನು ಹೆಚ್ಚು ನಂಬುವವನಲ್ಲ. ಆದರೆ ಅವರ ಅಂಗಡಿಯಲ್ಲಿ ಒಂದು ಮಧ್ಯಾಹ್ನ ನಾನು ಮಾಡಿದ ತಪ್ಪಿನ ಬಗ್ಗೆ ಮಾತ್ರ ಸಂಶಯವಿಲ್ಲ.

ಮೇಲೆ ಕಚೇರಿಯಲ್ಲಿ ಅಂದು ಜಗಳ ಕಾದಿತ್ತು. ಹುಬ್ಬಳ್ಳಿಯ ಈ ಸಣ್ಣ ಕಂಪನಿ ಕನ್ನಡದಲ್ಲಿ ಒಂದು ಕಥೆಯ ವಿಡಿಯೊ ಗೇಮ್ ಮಾಡುತ್ತಿದೆ. ನಾಯಕನ ಜೊತೆ ನಡೆಯುವ ಸಂಗಾತಿಗಳ ಮಾತು ಬರೆಯುವುದು ನನ್ನ ಕೆಲಸ. ಒಬ್ಬೊಬ್ಬರಿಗೂ ಒಂಬತ್ತು ಮಾತುಕತೆ ಬರೆದು, ದಾರಿಯ ಒಂದೊಂದು ತಂಗುದಾಣದಲ್ಲಿ ಒಂದೊಂದೇ ತೆರೆಯುವಂತೆ ಇಟ್ಟಿದ್ದೆ. ಮುಖ್ಯಸ್ಥರು ಒಪ್ಪಲಿಲ್ಲ.

"ಮಂದಿಗೆ ಅಷ್ಟು ತಾಳ್ಮಿ ಇಲ್ರಿ. ಎಲ್ಲಾ ಮಾತೂ ಒಮ್ಮೆಲೇ ತೆರದಿಡ್ರಿ, ಬೇಕಾದವ್ರು ಓದ್ಕೋತಾರ," ಅಂದರು. ವಾರದೊಳಗೆ ತಿದ್ದಿ ಕೊಡಬೇಕಂತೆ.

ಮಾಸ್ತರರು ಮುಂಡಗೋಡದ ಪಕ್ಕದ ಹಳ್ಳಿ ಇಂದೂರಿನವರು. ದಿನಾ ಸೈಕಲ್ಲಿನ ಮೇಲೆ ಬಂದು ಅಂಗಡಿ ತೆಗೆಯುತ್ತಿದ್ದರು. ಎರಡು ಸಾವಿರದ ಆಚೀಚೆ ಟೈಪಿಂಗ್ ಕಲಿಯುವವರು ಕಡಿಮೆಯಾದಾಗ ಒಂದು ಕಂಪ್ಯೂಟರ್ ತಂದು ಮೂಲೆಯಲ್ಲಿಟ್ಟರು. ಅದರಲ್ಲಿ ಅರ್ಜಿ ಟೈಪ್ ಮಾಡಿಸಲು ಟಿಬೆಟನ್ ಕಾಲೊನಿಯಿಂದ ಬರುತ್ತಿದ್ದ ಒಬ್ಬ ಲಾಮಾ ದಿಲ್ಲಿಯಿಂದ ತಂದ ಗೇಮಿನ ಸಿ.ಡಿ. ಒಂದನ್ನು ಅವರಿಗೆ ಕೊಟ್ಟಿದ್ದ. ಆಗ ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ರಜೆಗೆ ಊರಿಗೆ ಬಂದವನನ್ನು ಮಾಸ್ತರರು ಕರೆದು ಕೂರಿಸಿಕೊಂಡರು. ನೂರಾರು ಜನರಿಗೆ ಇಂಗ್ಲಿಷ್ ಟೈಪಿಂಗ್ ಕಲಿಸಿದವರು ಅವರು. ಆದರೆ ಬೆರಳಿಗೆ ಬರುತ್ತಿದ್ದ ಇಂಗ್ಲಿಷ್ ತಲೆಗೆ ಬರುತ್ತಿರಲಿಲ್ಲ. ತೆರೆಯ ಮೇಲೆ ಬಂದ ಮಾತನ್ನು ನಾನು ಓದಿ ಕನ್ನಡದಲ್ಲಿ ಹೇಳಬೇಕಿತ್ತು.

ಆಟದಲ್ಲಿ ಐದು ಜನ ದೂರದ ಊರಿಗೆ ನಡೆದು ಹೊರಟಿರುತ್ತಾರೆ. ಅಲ್ಲಲ್ಲಿ ಬೆಂಕಿ ಹಾಕಿ ತಂಗುತ್ತಾರೆ. ಆಗ ಸಂಗಾತಿಯ ಮೇಲೆ ಕ್ಲಿಕ್ ಮಾಡಿದರೆ ಅವರು ತಮ್ಮ ಕಥೆ ಹೇಳುತ್ತಾರೆ. ಬೇಕೆಂದರೆ ಒಂದೇ ಸಲ ಎಲ್ಲವನ್ನೂ ಕೇಳಿ ಮುಗಿಸಬಹುದಿತ್ತು. ಮಾಸ್ತರರು ಕೇಳುತ್ತಿರಲಿಲ್ಲ. ಒಂದು ತಂಗುದಾಣದಲ್ಲಿ ಒಂದೇ ಮಾತು. ಆಮೇಲೆ ಎದ್ದು ಮತ್ತೆ ನಡೆಯುವುದು. ಆಟ ನಿಲ್ಲಿಸಿದ ಜಾಗ ಉಳಿಯಲೆಂದು ಸೇವ್ ಇಡುತ್ತಿದ್ದುದೂ ಒಂದೇ. ಹಳೆಯದರ ಮೇಲೆಯೇ ಹೊಸದು.

ಆ ಐವರಲ್ಲಿ ಬಿಲ್ಲು ಹಿಡಿದ ಒಬ್ಬ ಹೆಂಗಸಿದ್ದಳು. ಊಟದ ಹೊತ್ತಿಗೆ ಎರಡು ಬಟ್ಟಲು ಇಟ್ಟು ಒಂದರಲ್ಲಿ ಮಾತ್ರ ಉಣ್ಣುತ್ತಿದ್ದಳು. ಆ ಎರಡನೆಯ ಬಟ್ಟಲು ಯಾರದು ಎಂಬುದೇ ಮಾಸ್ತರರಿಗೆ ಹತ್ತಿದ ಚಿಂತೆ. ಲಾಮಾ ಬಂದಾಗಲೆಲ್ಲ ಕಾಡುತ್ತಿದ್ದ: "ಏನ್ ಮಾಸ್ತರ್, ಇವತ್ತಾದ್ರೂ ನಿಮ್ಮ ಅಕ್ಕಾ ಬಾಯಿ ಬಿಟ್ಲಾ?"

"ನಿಮ್ಮ ಮಠದಾಗ ಮೌನ ಕಲಸ್ತಾರಂತ, ನಿನಗ ಯಾವಾಗ ಕಲಸ್ತಾರಪಾ?" ಎಂದು ಮಾಸ್ತರರು ತಿರುಗಿಸಿ ಕೊಡುತ್ತಿದ್ದರು.

ನಾಲ್ಕು ತಿಂಗಳು ಹೀಗೇ ನಡೆಯಿತು. ನಾನು ಇಲ್ಲದಾಗ ಅವರು ನಡೆಯುವುದು, ಹೊಡೆದಾಡುವುದು ಮಾಡುತ್ತಿದ್ದರು. ಮಾತಿಗೆ ಮಾತ್ರ ನನ್ನ ದಾರಿ ಕಾಯುತ್ತಿದ್ದರು. ನನಗೆ ಸಿಟ್ಟೇ ಬರುತ್ತಿತ್ತು. ಯಾರೋ ಎಂದೋ ಬರೆದು ಸಿ.ಡಿ.ಯಲ್ಲಿ ತುಂಬಿಟ್ಟ ಮಾತಿಗೆ ಇಷ್ಟು ಮರ್ಯಾದೆ ಯಾಕೆ? ಒಂದು ಮಧ್ಯಾಹ್ನ ಅವರು ಚಹಾಕ್ಕೆ ಹೋದಾಗ ನಾನು ಕುಳಿತು ಆ ಹೆಂಗಸಿನ ಮೇಲೆ ಕ್ಲಿಕ್ ಮಾಡಿದೆ. ಮತ್ತೆ ಮಾಡಿದೆ. ಉಳಿದ ಮಾತೆಲ್ಲ ಹತ್ತು ನಿಮಿಷದಲ್ಲಿ ಮುಗಿಯಿತು. ಬಟ್ಟಲು ಯಾರದೆಂದು ತಿಳಿಯಿತು. ಏಳುವಾಗ ಎಂದಿನ ರೂಢಿಯಲ್ಲಿ ಸೇವ್ ಒತ್ತಿದೆ.

ಮಾಸ್ತರರು ಬಂದು ಕ್ಲಿಕ್ ಮಾಡಿದರು. ತೆರೆಯ ಮೇಲೆ ಬಂದದ್ದು ಒಂದೇ ಸಾಲು.

"ಏನಂತಾಳ?"

"ಹೇಳೋದೆಲ್ಲ ಹೇಳೀನಿ ಅಂತಾಳ್ರಿ."

ಅವರು ನನ್ನ ಮುಖ ನೋಡಿದರು. ನಾನು ಗಡಬಡಿಸಿ, "ನಾ ಓದೀನ್ರಿ ಮಾಸ್ತರ್ರ, ಎರಡು ನಿಮಿಷದ ಮಾತು, ಈಗ ಹೇಳಿಬಿಡ್ತೇನಿ," ಅಂದೆ. ಅವರು ಅಂಗೈ ಅಡ್ಡ ಹಿಡಿದರು.

ಆಮೇಲೆ ಅವರು ಹೇಳಿದ್ದು ದಿಂಡಿಯ ಸಂಗತಿ. ಆಷಾಢ ಏಕಾದಶಿಗೆ ಭಜನೆ ಮಾಡುತ್ತ ಪಂಢರಪುರಕ್ಕೆ ನಡೆದು ಹೋಗುವ ಮೇಳವದು; ಅಲ್ಲಿ ಒಬ್ಬರನ್ನೊಬ್ಬರು ಮಾವುಲಿ, ಅಂದರೆ ತಾಯಿ, ಎಂದೇ ಕರೆಯುತ್ತಾರೆ. ಮಾಸ್ತರರು ಪ್ರತಿ ವರ್ಷ ಹೋಗುತ್ತಿದ್ದರು. ಮೊದಲ ವರ್ಷ ಹಳಿಯಾಳದ ಕಡೆಯ ಒಬ್ಬ ರೈತ ಜೊತೆಯಾದನಂತೆ. ಅವನ ಸೊಂಟದಲ್ಲಿ ಎರಡು ಜೊತೆ ತಾಳ. ಬಾರಿಸುತ್ತಿದ್ದುದು ಒಂದನ್ನೇ.

"ಮೊದಲನೇ ಮುಕ್ಕಾಮಿನ್ಯಾಗ ಕೇಳಿಬಿಟ್ನಿ ತಮ್ಮಾ. ಮಾವುಲಿ, ಇದು ಯಾರದು ಅಂತ. ಪಾಪ, ಹೇಳಿದ. ನಾ ಬಿಡ್ಲಿಲ್ಲ, ಕೆದಕಿ ಕೆದಕಿ ಎಲ್ಲಾ ಕೇಳಿದ್ನಿ. ಮರುದಿವ್ಸ ನಡೀಲಿಕ್ಕೆ ನಮ್ಮಿಬ್ಬರ ನಡುವ ಏನೂ ಉಳಿದಿದ್ದಿಲ್ಲ. ಅಂವ ನನ್ನ ಮಾರಿ ನೋಡೂದ ಬಿಟ್ಟ. ಧಾರವಾಡ ದಾಟೂದ್ರಾಗ ಹಿಂದಿನ ಸಾಲಿಗೆ ಹೋದ. ಮುಂದಿನ ವರ್ಷ ದಿಂಡಿಗೇ ಬರ್ಲಿಲ್ಲ."

ಮತ್ತೆ ಮೌಸ್ ಹಿಡಿದರು. ಹೊಸ ಆಟ ಒತ್ತಿದರು.

"ಕುಂಡ್ರು. ಮೊದಲಿಂದ ಹೊಂಟೇವಿ."

"ನಾಲ್ಕು ತಿಂಗಳು ಹಾಳಾತಲ್ರಿ."

"ಹಾಳು ಯಾಕ? ಪ್ರತಿ ವರ್ಷ ಇಂದೂರಿಂದನ ಹೊಂಡ್ತೇವಿಲ್ಲೊ? ನಿನಗೀಗ ಎಲ್ಲಾ ಗೊತ್ತೈತಿ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕುಂಡ್ರೂದ ನಿನಗ ಶಿಕ್ಷಾ."

ಹಾಗೆ ಮತ್ತೆ ಹೊರಟೆವು. ಅದೇ ಕಾಡು, ಅದೇ ಬೆಂಕಿ. ರಜೆಯಿಂದ ರಜೆಗೆ ನಾನು ಅದೇ ಮಾತುಗಳನ್ನು ಮತ್ತೆ ಕನ್ನಡ ಮಾಡಿದೆ. ಕೊನೆ ಗೊತ್ತಿದ್ದುದರಿಂದಲೋ ಏನೋ, ಎರಡನೆಯ ಸಲ ಆ ಹೆಂಗಸಿನ ಚಿಕ್ಕ ಚಿಕ್ಕ ಮಾತೂ ನನ್ನನ್ನು ತಡೆದು ನಿಲ್ಲಿಸುತ್ತಿತ್ತು. ಚಳಿಯ ಬಗ್ಗೆ ಅವಳು ಆಡಿದ ಒಂದು ಮಾತಿಗೆ ಮಾಸ್ತರರು ಅರ್ಧ ಗಂಟೆ ಟೈಪ್‌ರೈಟರಿಗೆ ಎಣ್ಣೆ ಬಿಡುತ್ತ ಕುಳಿತರು...

ಇನ್ನು ಎರಡು ಮಾತು ಉಳಿದಿದ್ದಾಗ ಅವರನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದರು. ಏನು ರೋಗವೆಂದು ಎಲ್ಲರಿಗೂ ಗೊತ್ತಿತ್ತು, ಅವರಿಗೂ. ನಾನು ಧಾರವಾಡದಿಂದ ಹೋದೆ. ಅದೂ ಇದೂ ಮಾತಾಡಿದ ಮೇಲೆ ಕೇಳಿದೆ:

"ಮಾಸ್ತರ್ರ, ಆ ಬಟ್ಟಲದ್ದು ಹೇಳ್ಲಿ?"

ಅವರು ನಕ್ಕರು. "ಎಂ.ಎ. ಆದ್ರೂ ನಿನ್ನ ಗಡಬಡಿ ಹೋಗ್ಲಿಲ್ಲ ನೋಡು. ಮುಕ್ಕಾಮ ಬಂದೈತೇನು ಈಗ?"

"ಮತ್ತ ಯಾವಾಗರಿ?"

"ಇರ್ಲಿ ಬಿಡು. ಯಾರದಿದ್ದೀತು ಅಂತ ವಿಚಾರ ಮಾಡ್ಕೋತ ಹೊಂಡ್ತೇನಿ. ದಾರಿಗೆ ಆಗ್ತೈತಿ."

ಆ ವರ್ಷ ದಿಂಡಿ ಅವರಿಲ್ಲದೆ ಹೋಯಿತು.

ದಾರಿಗೆ ಆಗ್ತೈತಿ ಎಂದು ಅವರು ನಿಜವಾಗಿ ಅಂದರೋ, ಇಷ್ಟು ವರ್ಷ ಮಾತು ಬರೆದೂ ಬರೆದೂ ನಾನೇ ಅವರ ಬಾಯಿಗೆ ಇಟ್ಟೆನೋ... ಆಣೆ ಮಾಡಿ ಹೇಳಲಾರೆ. ಆ ಕೋಣೆಯಲ್ಲಿ ನಮ್ಮಿಬ್ಬರನ್ನು ಬಿಟ್ಟು ಯಾರೂ ಇರಲಿಲ್ಲ. ಅವರು ಬೇಡವೆಂದದ್ದು ಮಾತ್ರ ನಿಜ. ಸಾಯುವ ಮನುಷ್ಯ ಬೇಡವೆಂದ, ನಾನು ಹೇಳದೆ ಮೆಟ್ಟಿಲಿಳಿದೆ.

ನಿನ್ನೆ ನಮ್ಮ ಗೇಮಿನ ಸಂಗಾತಿಗಳ ಮಾತಿನ ಪಟ್ಟಿಯನ್ನು ಒಂದಕ್ಷರವೂ ತಿದ್ದದೆ ಮುಖ್ಯಸ್ಥರಿಗೆ ಮರಳಿ ಕಳಿಸಿದೆ. ಒಂದು ಮುಕ್ಕಾಮಿಗೆ ಒಂದೇ ಮಾತು, ಬೇಡವಾದರೆ ಬೇರೆಯವರಿಂದ ಬರೆಸಿರಿ ಎಂದು ಕೆಳಗೆ ಬರೆದೆ. ಅವರು ಫೋನ್ ಮಾಡಿದರು.

"ಮಂದಿ ನಡುವ ಬಿಟ್ಟು ಹೋದ್ರ ಏನ್ ಮಾಡ್ತೀರಿ?"

"ಹೋಗ್ಲಿ ಬಿಡ್ರಿ," ಅಂದೆ. "ನಡ್ಯಾವ್ರು ನಡೀತಾರ."

ಇನ್ನೂ ಉತ್ತರ ಬಂದಿಲ್ಲ. ಕೆಲಸ ಹೋದರೆ ಹೋಗಲಿ.

ಆ ಎರಡನೆಯ ಬಟ್ಟಲು ಯಾರದೆಂದು ನನಗೆ ಗೊತ್ತಿದೆ. ಕೇಳಬೇಕಾಗಿದ್ದವರು ಕೇಳದೆ ಹೋದರು. ಇಷ್ಟು ವರ್ಷ ಬೇರೆ ಯಾರಿಗೂ ಹೇಳಿಲ್ಲ. ಇಲ್ಲಿಯೂ ಹೇಳುವುದಿಲ್ಲ.